ಹಾರುವ ಗಾಡಿಗೆ ನಿಲ್ಲುವುದು ಕಲಿಸಿದ್ದು

ಬಾಣಾವರ
೧೨ ಫೆಬ್ರವರಿ ೨೦೨೫

ಪ್ರೀತಿಯ ರಾಜಶೇಖರ್ ಅವರಿಗೆ,

ಫೋನ್ ಎತ್ತದ ನೀವು ಕಾಗದವನ್ನಾದರೂ ಬರೆದಿರಲ್ಲ, ಸಮಾಧಾನವಾಯಿತು. ಉತ್ತರ ತಡವಾಯಿತು, ಬೇಸರ ಬೇಡ. ಬೆರಳಿಗೆ ಮೆತ್ತಿದ ಬ್ರೇಕ್ ಎಣ್ಣೆ ಹೋಗುವವರೆಗೆ ಪೆನ್ನು ಹಿಡಿಯಲಾಗಲಿಲ್ಲ ಅಂದರೆ ನಗುತ್ತೀರಿ. ಬಿಕ್ಕೋಡಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಬಂದಿರಬೇಕು. ಕಾಂತಮ್ಮ ಅತ್ತಿಗೆ ಊಟಕ್ಕೆ ಕರೆದರೆ ಒಂದೇ ಸಲಕ್ಕೆ ಏಳಿ.

ನಾವಿಬ್ಬರೂ ಕೊಬ್ಬರಿ ಶೆಡ್ಡಿನಲ್ಲಿ ಕಟ್ಟಿದ ವಿಮಾನಕ್ಕೆ ಹೊಸ ಬ್ರೇಕು ಹಾಕಿದ್ದಾಯಿತು. ಅದನ್ನು ಕೊಳ್ಳುವ ಉಮೇಶ್ ಅವರದು ಒಂದೇ ಮಾತು: ಹಳೆಯದು ಸೋರುತ್ತೆ, ಹೊಸದು ಹಾಕಿ ಪಳಗಿಸಿ, ಇಂಜಿನ್ ಪೂರ್ತಿ ಕೊಟ್ಟರೂ ನಿಂತಲ್ಲಿಂದ ಜರುಗಬಾರದು, ಆಮೇಲೆ ಒಯ್ಯುತ್ತೇನೆ. ನಿಮ್ಮ ಬಲಗಣ್ಣು ಹೋಗಿ, ಇನ್ನು ಹಾರಿಸುವಂತಿಲ್ಲ ಅಂತ ಡಾಕ್ಟರು ಹೇಳಿದ ದಿನ, ಇದು ಶೆಡ್ಡಿನಲ್ಲಿ ಇರುವವರೆಗೆ ಈ ಮನೆಯಲ್ಲಿ ಇರಲಾರೆ ಅಂತ ಬಿಕ್ಕೋಡಿಗೆ, ಅಕ್ಕನ ಮನೆಗೆ ಹೋದಿರಿ. ಅದಕ್ಕೇ ನನಗೆ ಇಷ್ಟು ಅವಸರ.

ಪಳಗಿಸುವುದು ನೀವು ಹೇಳಿಕೊಟ್ಟ ಹಾಗೇ. ಬ್ರೇಕು ಅರ್ಧ ಒತ್ತಿಕೊಂಡೇ ಓಡಿಸಿ ಕಾಯಿಸಬೇಕು, ಆಮೇಲೆ ಕಾಲು ತೆಗೆದು ತಣಿಯಲು ಬಿಡಬೇಕು. ಇವತ್ತು ಬೆಳಿಗ್ಗೆ ನಮ್ಮ ಮಣ್ಣಿನ ದಾರಿಯ ಕಲ್ಲು ಆರಿಸಿ ಒಬ್ಬಳೇ ಹತ್ತಿ ಕೂತೆ. ಪಕ್ಕದ ಸೀಟಿನಲ್ಲಿ ನಿಮ್ಮ ಟೋಪಿ ಇತ್ತು, ಹಾರಿಹೋಗದಿರಲೆಂದು ಅದಕ್ಕೂ ಬೆಲ್ಟು ಹಾಕಿದೆ. ಪಕ್ಕದ ಹೊಲದ ಬೋರಯ್ಯನವರು ಬದುವಿನ ಮೇಲೆ ನಿಂತು, ಇದ್ಯಾಕವ್ವ ಉಳೋ ಎತ್ತಿನ ಥರ ಹೋಗೋದು, ಬರೋದು ಅಂದರು. ಬ್ರೇಕು ಪಳಗಿಸುತ್ತಿದ್ದೇನೆ ಅಂದೆ.

“ಹಾರೋ ಗಾಡಿಗೆ ನಿಲ್ಲೋದು ಕಲಿಸ್ತಾ ಇದ್ದೀಯಾ? ಕಲಿಸವ್ವ. ಯಜಮಾನ್ರು ಯಾವಾಗ ಬತ್ತಾರೆ?”

ಇದು ಹೋದ ಮೇಲೆ ಅಂದೆ. ಅವರು ಒಂದು ಎಳನೀರು ಕೆತ್ತಿಕೊಟ್ಟರು.

ತಣಿಯಲು ಬಿಟ್ಟು ರೆಕ್ಕೆಯ ನೆರಳಿನಲ್ಲಿ ಕೂತೆ. ತಗಡು ಕೂಡಿಸಿದ ರಿವೆಟ್ಟು ಮೊಳೆಗಳ ಮೇಲೆ ಕೈಯಾಡಿಸಿದೆ. ನೀವು ಹೊರಗಿನಿಂದ ಅವನ್ನು ಹೊಡೆಯುವಾಗ ನಾನು ಒಳಗೆ ಬಗ್ಗಿ ಕಬ್ಬಿಣದ ತುಂಡನ್ನು ಎದುರಿಗೆ ಒತ್ತಿ ಹಿಡಿಯಬೇಕಿತ್ತು. ಮುಖ ಕಾಣುತ್ತಿರಲಿಲ್ಲ. ತಗಡಿನ ಆಚೆಯಿಂದ ಹಿಡಿದ್ಯಾ ಅನ್ನುತ್ತಿದ್ದಿರಿ, ಹಿಡಿದೆ ಅನ್ನುತ್ತಿದ್ದೆ. ಎಷ್ಟೋ ದಿನ ನಮ್ಮ ನಡುವೆ ಅಷ್ಟೇ ಮಾತು. ಅಷ್ಟೊಂದು ಕವಿತೆ ಓದಿದ ನನಗೆ ಅಷ್ಟೇ ಸಾಕಾಗಿತ್ತು.

ಮಧ್ಯಾಹ್ನ ಇಂಜಿನ್ ಪೂರ್ತಿ ಕೊಟ್ಟು ಎರಡೂ ಕಾಲಿನಿಂದ ಒತ್ತಿ ಹಿಡಿದೆ. ಗಾಡಿಯೆಲ್ಲ ನಡುಗಿತು, ಹಿಂದೆ ಧೂಳೆದ್ದು ತೆಂಗಿನ ಗರಿಗಳು ಬಡಿದಾಡಿದವು. ಒಂದಿಷ್ಟೂ ಮುಂದಕ್ಕೆ ಜರುಗಲಿಲ್ಲ. ಉಮೇಶ್ ಅವರಿಗೆ ಹೇಳಿದ್ದೇನೆ, ಭಾನುವಾರ ಲಾರಿ ತರುತ್ತಾರಂತೆ.

ಇನ್ನೊಂದು ಕಣ್ಣನ್ನು ಜೋಪಾನವಾಗಿ ನೋಡಿಕೊಳ್ಳಿ. ದೇವರು ಅದನ್ನು ಕಾಯಲಿ. ಅತ್ತಿಗೆಗೆ ನಮಸ್ಕಾರ ತಿಳಿಸಿ.

ನಿಮ್ಮ
ಮೀನಾಕ್ಷಿ

ತಾ.ಕ.: ನೀವು ಅಲ್ಲಿನ ಮಹಡಿ ಕೋಣೆಗೆ ಸುಣ್ಣ ಬಳಿಸಿ ಪುಸ್ತಕದ ಕಪಾಟು ಮಾಡಿಸುತ್ತಿದ್ದೀರಿ ಅಂತ ಮೊನ್ನೆ ಅತ್ತಿಗೆ ಫೋನಿನಲ್ಲಿ ಅಂದರು. ನನಗೆ ಗೊತ್ತಿದೆ ಅಂದುಕೊಂಡಿದ್ದರು. ನಾನೂ ಹೌದು ಅಂದೆ. ಇವತ್ತು ಇಂಜಿನ್ ಅರಚುತ್ತಿರುವಾಗ, ಬ್ರೇಕು ಜಾರಲಿ ಅಂತ ಒಂದು ಗಳಿಗೆ ಬೇಡಿಕೊಂಡೆ. ಉಮೇಶ್ ಒಯ್ಯದೆ ವಿಮಾನ ಇಲ್ಲೇ ಉಳಿದಿದ್ದರೆ, ನೀವು ಬಾರದಿರುವುದು ಅದರಿಂದಲೇ ಅಂತ ನಂಬಿಕೊಂಡಿರಬಹುದಿತ್ತು. ಬ್ರೇಕು ಹಿಡಿಯಿತು. ಸೋಮವಾರದಿಂದ ಶೆಡ್ಡು ಖಾಲಿ. ನಿಮ್ಮ ಟೋಪಿ ತೆಗೆದಿಟ್ಟಿದ್ದೇನೆ. ಕಳಿಸಲೋ, ಇಲ್ಲೇ ಇರಲೋ, ಬರೆಯಿರಿ.