ಅದುರಬಾರದ ಮನೆ

ಚನ್ನಪಟ್ಟಣ, ಸೋಮವಾರ

ತಮ್ಮ ಅನಂತರಾಜುವಿಗೆ ಅಕ್ಕನ ಆಶೀರ್ವಾದ.

ಗೊಂಬೆ ಕಡೆಯುವ ಲೇತ್ ಮಾರಿ ನಿನ್ನ ಭಾವ ತಂದ ಟರ್ನ್‌ಟೇಬಲ್ ತುಂಬಾ ಚೆನ್ನಾಗಿದೆ. ರೆಕಾರ್ಡ್ ತಿರುಗುವುದೇ ಗೊತ್ತಾಗುವುದಿಲ್ಲ, ಅಷ್ಟು ನಯ. ಆದರೆ ಮನೆಯಲ್ಲಿ ಏನು ಅದುರಿದರೂ ಅದರ ಮುಳ್ಳಿಗೆ ತಿಳಿಯುತ್ತದಂತೆ. ಇಪ್ಪತ್ತು ವರ್ಷ ಲೇತ್ ಮೇಲೆ ಪಳಗಿದ ಕೈಯಲ್ಲವೇ, ಇವರು ಗೋಡೆ ಮುಟ್ಟಿಯೇ ಯಾವುದು ಅದುರುತ್ತಿದೆ ಅಂತ ಹೇಳಿಬಿಡುತ್ತಾರೆ. ಮೊದಲು ಫ್ರಿಜ್ ನಿಲ್ಲಿಸಿದರು. ಆಮೇಲೆ ನಮ್ಮ ಫೋನುಗಳನ್ನು ಸಂಪಿನ ನೀರಿಗೆ ಹಾಕಿದರು. ಕಾಗದ ಬರೆಯುತ್ತಿರುವುದು ಅದಕ್ಕೇ. ನಾಯಿ ಮೂರು ದಿನದಿಂದ ಕಾಣಿಸುತ್ತಿಲ್ಲ. ನಾನು ಕೇಳಲಿಲ್ಲ.

ಅತ್ತೆಯ ಉಬ್ಬಸ ನಿನಗೆ ಗೊತ್ತಲ್ಲ. ನಿನ್ನೆ ಮಧ್ಯಾಹ್ನ ಇವರು ರೆಕಾರ್ಡ್ ನಿಲ್ಲಿಸಿ ಎದ್ದು ಬಂದು, ಮಲಗಿದ್ದ ಅತ್ತೆಯ ಎದೆ ಮೇಲೆ ಅಂಗೈಯಿಟ್ಟು ತುಂಬಾ ಹೊತ್ತು ಕೂತಿದ್ದರು.

"ಇಲ್ಲೇ ಕಣವ್ವ, ಇಲ್ಲಿಂದ್ಲೇ ಬತ್ತೈತೆ," ಅಂದರು.

ಪಾಪ, ಅತ್ತೆ ಮಗನ ಕೈ ಸವರಿ ನಕ್ಕರು.

ಕಾಗದ ಸಿಕ್ಕಿದ ದಿನವೇ ಕಾರು ತಂದು ಅತ್ತೆಯನ್ನು ಸೋಲೂರಿಗೆ ಕರೆದುಕೊಂಡು ಹೋಗು. ಕಾರನ್ನು ಬೀದಿ ಕೊನೆಯಲ್ಲೇ ನಿಲ್ಲಿಸು. ಹಾರ್ನ್ ಮಾಡಬೇಡ. ಚಪ್ಪಲಿ ಕೈಯಲ್ಲಿ ಹಿಡಿದು ಬಾ.

ನಾನು ಚೆನ್ನಾಗಿದ್ದೇನೆ. ಇವತ್ತು ಬೆಳಿಗ್ಗೆ ಕಾಫಿ ಕೊಡುವಾಗ ಇವರು ನನ್ನ ಮುಂಗೈ ಹಿಡಿದುಕೊಂಡು, ಕಣ್ಣು ಮುಚ್ಚಿ, ನಾಡಿ ಕೇಳಿದರು.

ನಿನ್ನ ಅಕ್ಕ,
ಪದ್ಮಿನಿ