ಮಾಸ್ತರರು ಟೋಪಿ ಎತ್ತಿದ ಕುರಿಗಾಹಿ

ಹೇರ್‌ಹೋಪ್ ಗುಡ್ಡ, ಚೆವಿಯಟ್
20 ಮೇ 1881

ಅತ್ತಿಗೆ ಜಾನೆಟ್ ಅವರಿಗೆ, ನಿಮ್ಮ ತಂಗಿಯ ಗಂಡ ಗಿಡಿಯನ್ ಮಾಡುವ ನಮಸ್ಕಾರಗಳು.

ನನ್ನ ಮಗಳು ಎಫಿಯನ್ನು ಎಡಿನ್‌ಬರೋಗೆ ಕಳಿಸು, ದೊಡ್ಡವರ ಮನೆಯ ಅಡುಗೆಕೋಣೆಯಲ್ಲಿ ಕೆಲಸ ನೋಡಿಟ್ಟಿದ್ದೇನೆ ಎಂದು ಬರೆದಿದ್ದಿರಿ. ಕಳಿಸುವುದಿಲ್ಲ. ಯಾಕೆಂದು ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರಿಸಬೇಡಿ. ನಿಮ್ಮ ತಂಗಿ ಮಾರಿಯನ್ ತೀರಿಕೊಂಡ ಮೇಲೆ "ಸಾಕು, ಮುಂದೇನಾಯ್ತು ಹೇಳಿ" ಎನ್ನುವವರು ಈ ಮನೆಯಲ್ಲಿಲ್ಲ.

ಫೆಬ್ರವರಿ ಮೊದಲಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡೆ. ನಿಮಗೆ ನೆಗಡಿ ಎಂದು ಬರೆದಿದ್ದೆ. ಧಣಿ ಎಲಿಯಟ್ ಅವರಿಗೂ ತಿಳಿಸಲಿಲ್ಲ. ಈ ಮನೆ ಕುರಿ ಕಾಯುವ ಕೆಲಸದ ಜೊತೆ ಬಂದದ್ದು. ಕುರಿ ಕಾಯಲಾಗದವನು ವರ್ಷದ ಕರಾರು ಮುಗಿಯುವ ಮೇ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು. ಎಫಿ ನನ್ನ ಕೋಟು ತೊಟ್ಟು, ನನ್ನ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ನಾಯಿಯನ್ನು ಕರೆದುಕೊಂಡು ಗುಡ್ಡ ಹತ್ತಿದಳು. ಧಣಿ ಹೊಳೆಯ ಆಚೆ ದಂಡೆಯಿಂದ ದುರ್ಬೀನಿನಲ್ಲಿ ನೋಡಿದರೆ ನಾನೇ ಕಾಣಬೇಕು!

ಏಪ್ರಿಲ್‌ನಲ್ಲಿ ಜನಗಣತಿ ಬಂತು. ಕಾಗದ ಹಿಡಿದು ಒಳಗೆ ಬಂದ ಶಾಲೆಯ ಪ್ರಿಂಗಲ್ ಮಾಸ್ತರರು ಹಾಸಿಗೆಯಲ್ಲಿದ್ದ ನನ್ನನ್ನು ನೋಡಿ ಹೌಹಾರಿದರು.

"ಲೋ ಗಿಡಿಯನ್! ಈಗ ತಾನೆ ಗುಡ್ಡದ ಮೇಲೆ ನಿನಗೆ ಟೋಪಿ ಎತ್ತಿ ಬಂದೆ. ನೀನೂ ಕೋಲು ಎತ್ತಿದೆ. ಅಷ್ಟರಲ್ಲಿ ಇಳಿದು ಬಂದು ಮಲಗಿಬಿಟ್ಯಾ?"

ಒಂದು ಚಳಿಗಾಲ ಕಾಲೇಜಿನ ಬೆಂಚು ಸವೆಸಿದವನಲ್ಲವೇ ನಾನು. ಅಲ್ಲಿ ಕಲಿತ ಇಂಗ್ಲಿಷಿನಲ್ಲಿ ಗಂಭೀರವಾಗಿ ಉತ್ತರಿಸಲು ಹೊರಟೆ. 'ಅಲಾಸ್, ಸರ್' ಎಂಬುದರ ಮುಂದೆ ಏನೂ ನೆನಪಾಗಲಿಲ್ಲ. ನಮ್ಮ ಮಾತಿನಲ್ಲೇ ಹೇಳಿದೆ: "ಅದು ಎಫಿ, ಮಾಸ್ತರೇ."

ಅವರು ಬಹಳ ಹೊತ್ತು ಕೆಮ್ಮಿದರು. ಅದು ನಗು ಎಂದು ಆಮೇಲೆ ತಿಳಿಯಿತು. "ಈ ಕಾಗದದಲ್ಲಿ ಹೆಣ್ಮಕ್ಕಳ ಕೆಲಸ ಬರೆಯೋ ಜಾಗ ಖಾಲಿ ಬಿಡೋದು ರೂಢಿ" ಎಂದರು.

"ನೀವು ಟೋಪಿ ಎತ್ತಿದ್ದು ಖಾಲಿ ಜಾಗಕ್ಕಾ?"

ಬರೆದರು. ಎಫಿ ಟೆಲ್ಫರ್, ಮಗಳು, ಕುರಿಗಾಹಿ.

ಸಂಜೆ ಎಫಿಗೆ ಹೇಳಿದೆ. ಗಂಜಿ ಕಲಕುತ್ತಿದ್ದವಳು ಸೌಟು ಕೆಳಗಿಟ್ಟಳು. "ಗಣತಿ ಕಾಗದದಲ್ಲಿ ರಾಣಿಗೇ ಗೊತ್ತಾದ ಮೇಲೆ ಧಣಿಗೆ ಯಾಕಪ್ಪ ಮುಚ್ಚಿಡೋದು? ಕುರಿ ಮರಿ ಹಾಕೋದು ಮುಗೀಲಿ, ನಾನೇ ಹೇಳ್ತೀನಿ. ಗುಡ್ಡ ಕಾಯೋ ಕೆಲಸಾನೂ ನಂಗೇ ಕೇಳ್ತೀನಿ."

ಮರಿ ಹಾಕುವ ದಿನಗಳಲ್ಲೇ ಹಿಮಗಾಳಿ ಎದ್ದಿತು. ಗಾಳಿ ತಿರುಗುವ ಮೊದಲೇ ಅವಳು ಮಂದೆಯನ್ನೆಲ್ಲ ಕಲ್ಲಿನ ದೊಡ್ಡಿಗೆ ಸೇರಿಸಿದ್ದಳು. ಕೆಳಗಿನ ಕಣಿವೆಯಲ್ಲಿ ಮರಿಗಳು ಸತ್ತವು. ನಮ್ಮಲ್ಲಿ ಕಿವಿ ಮುಚ್ಚಿಕೊಳ್ಳುವಷ್ಟು ಮರಿಗಳ ಅರಚಾಟ.

ಕಳೆದ ವಾರ ಧಣಿ ಮರಿ ನೋಡಲು ಬಂದರು. ಎಫಿ ಕೋಟು ಕಳಚಿಟ್ಟು ತನ್ನ ಲಂಗದಲ್ಲೇ ಬಾಗಿಲಲ್ಲಿ ನಿಂತಳು. ಕಿಟಕಿಯ ಹಿಂದೆ ನಾನು ಕಿವಿಗೊಟ್ಟು ಕೇಳುತ್ತಿದ್ದೆ.

"ಧಣೀರೇ, ಫೆಬ್ರವರಿಯಿಂದ ಗುಡ್ಡ ಕಾದಿದ್ದು ನಾನು."

"ಗೊತ್ತು ಕಣಮ್ಮ. ನಿಮ್ಮಪ್ಪ ಆ ಏರು ಹತ್ತುವಾಗ ಸಿಕ್ಕಿದ ಕಲ್ಲಿನ ಮೇಲೆಲ್ಲ ಕೂತು ಪೈಪು ಸೇದ್ತಿದ್ದ. ಈ ವರ್ಷ ಒಂದ್ಸಲಾನೂ ಕೂರಲಿಲ್ಲ. ನಾನೇನು ಕುರುಡನಾ?"

"ಹಾಗಾದ್ರೆ ಗುಡ್ಡ ನಂಗೆ ಕೊಡಿ. ಸಂಬಳದ ಲೆಕ್ಕಕ್ಕೆ ನಿಮ್ಮ ಮಂದೆ ಜೊತೆ ನನ್ನ ಕುರೀನೂ ಮೇಯಬೇಕು, ಅಪ್ಪಂದು ಮೇಯ್ತಿದ್ದ ಹಾಗೆ."

"ಅಪ್ಪನಿಗಿಂತ ಜಾಸ್ತಿ ಕೇಳ್ತೀಯ ಅಂದ್ಕೊಂಡಿದ್ದೆ" ಎಂದು ಧಣಿ ಕೈ ಚಾಚಿದರು. ಕೈ ಕುಲುಕಿದರೆ ನಮ್ಮಲ್ಲಿ ಮಾತು ಮುಗಿದಂತೆ.

ಈ ಬೆಳಿಗ್ಗೆ ತನ್ನ ಕುರಿಗಳಿಗೆ ತನ್ನದೇ ಗುರುತು ಹಾಕಿದಳು, ಅತ್ತಿಗೆ. ಆ ಅಡುಗೆಕೋಣೆಗೆ ಬೇರೆ ಯಾರನ್ನಾದರೂ ನೋಡಿ.

ಹೇರ್‌ಹೋಪ್ ಕುರಿಗಾಹಿಯ ತಂದೆ,
ಗಿಡಿಯನ್ ಟೆಲ್ಫರ್

ಮತ್ತೊಂದು ಮಾತು: ಗಣತಿಯ ದಿನ ನನ್ನ ಕಾಲು ಆಗಲೇ ಕೂಡಿಕೊಂಡಿತ್ತು, ಮರುದಿನದಿಂದ ನಾನೇ ಗುಡ್ಡ ಹತ್ತಬಹುದಿತ್ತು. ಅಂಗಳದಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಾ ತಲೆ ಎತ್ತಿದರೆ, ಮೇಲೆ ಮಾಸ್ತರರು ಎಫಿಗೆ ಟೋಪಿ ಎತ್ತುತ್ತಿದ್ದರು. ಆ ಗೌರವ ಅವಳಿಗೇ ಇರಲಿ ಎಂದು ಒಳಗೋಡಿ ಕಂಬಳಿ ಹೊದ್ದು ಮಲಗಿದೆ. ಅವಳಿಗೆ ಹೇಳಬೇಡಿ.