ಎಲ್ಲರೂ ಏಳಿ

ಡುಲೂತ್
ಅಕ್ಟೋಬರ್ ೧೯, ಭಾನುವಾರ

ನನ್ನ ಮುದ್ದು ಸಿಗ್ನೆ,

ಸೇತುವೆ ದಾಟಿದರೆ ಸಿಗುವ ಮಗಳಿಗೆ ಅಂಚೆಚೀಟಿ ಹಚ್ಚಿ ಕಾಗದ ಹಾಕುತ್ತಿದ್ದೇನೆ, ನಗಬೇಡ. "ಹೇಗಿತ್ತಮ್ಮಾ ನನ್ನ ವಾದ?" ಅಂತ ನೀನು ಮೊಬೈಲಿಗೆ ಬರೆದು ಎಷ್ಟೋ ದಿನವಾಯಿತು. ಆಮೇಲೆ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಕ್ಷಮಿಸು. ಇಲ್ಲಿ ಎಲ್ಲರೂ ಕ್ಷೇಮ. ಸರೋವರದ ಕಡೆಯಿಂದ ಚಳಿಗಾಳಿ ಶುರುವಾಗಿದೆ. ನಿನ್ನಪ್ಪ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕುತ್ತ ಸರ್ಕಾರವನ್ನು ಬೈಯುತ್ತಿದ್ದಾರೆ. ನಿನ್ನ ಪಾಲಿನ ಹೆರಿಂಗ್ ಮೀನಿನ ಜಾಡಿಯನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದೇನೆ.

ನಾನು ಫೆಡರಲ್ ಜಡ್ಜ್ ಆದಾಗ ನೀನಿನ್ನೂ ಚಿಕ್ಕವಳು. ವಾಷಿಂಗ್ಟನ್ನಿನಲ್ಲಿ ಸೆನೆಟರುಗಳು ನನ್ನನ್ನು ಪ್ರಶ್ನೆ ಕೇಳಿ ಜರಡಿ ಹಿಡಿಯುತ್ತಿದ್ದರೆ, ನೀನು ಅಪ್ಪನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆದಿದ್ದೆ. ವಾಪಸು ಬರುವಾಗ ಕೇಳಿದೆ, "ಅಮ್ಮಾ, ನೀನಿನ್ನು ಸಾಯೋ ತನಕ ಜಡ್ಜೇನಾ?" ಹೌದು, ಈ ಕೆಲಸ ಹಾಗೇ ಅಂದೆ. "ಅಯ್ಯೋ ಪಾಪ!" ಅಂದೆ ನೀನು. ಅವತ್ತು ನಾನು ನಕ್ಕುಬಿಟ್ಟೆ.

ನೀನು ವಕೀಲೆಯಾಗಿ ಇದೇ ಕಟ್ಟಡಕ್ಕೆ ಬಂದಾಗ ಆ 'ಪಾಪ' ಏನೆಂದು ತಿಳಿಯಿತು. ಮಗಳು ವಾದಿಸುವ ಮೊಕದ್ದಮೆಗೆ ತಾಯಿ ಪೀಠದಲ್ಲಿ ಕೂರುವಂತಿಲ್ಲ. ನಿನ್ನ ಕೇಸುಗಳೆಲ್ಲ ಕೆಳಗಿನ ಮಹಡಿಗೆ, ಜಡ್ಜ್ ಓಯಲಾ ಹತ್ತಿರ ಹೋದವು. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಹೋಗಿ ಕೂರೋಣವೆಂದರೆ, ಜಡ್ಜಮ್ಮ ಮಗಳ ಬೆನ್ನಿಗೆ ಬಂದಿದ್ದಾಳೆ ಅಂತ ಎದುರು ವಕೀಲರಿಗೆ ಅನ್ನಿಸಬಾರದಲ್ಲ. ಊರಿಗೆಲ್ಲ ಕೇಳಿದ ನಿನ್ನ ಮಾತು ನನಗೊಬ್ಬಳಿಗೆ ಕೇಳಲಿಲ್ಲ.

ಹಾಗಾಗಿ ಬೇರೆಯವರ ಬಾಯಲ್ಲಿ ನಿನ್ನನ್ನು ಕೇಳಿಸಿಕೊಂಡೆ. ಕೋರ್ಟಿನ ಮಾತನ್ನೆಲ್ಲ ಟೈಪ್ ಮಾಡುವ ಲೂಸಿಲ್ ಕಾಫಿ ಹಿಡಿದು ಬಂದು, "ಇವತ್ತು ನಿಮ್ಮ ಹುಡುಗಿ ಆ ಪೊಲೀಸಪ್ಪನಿಗೆ ಬೆವರಿಳಿಸಿದ್ಲು ನೋಡಿ! ನಾನು ಟೈಪ್ ಮಾಡೋದೇ ಮರೆತಿದ್ದೆ" ಅನ್ನುತ್ತಿದ್ದಳು. ಅವಳು ಟೈಪ್ ಮಾಡಿದ್ದನ್ನು ತರಿಸಿ ಓದುತ್ತಿದ್ದೆ. ಅದರಲ್ಲಿ ಮಾತು ಇತ್ತು, ನಿನ್ನ ದನಿ ಇರಲಿಲ್ಲ. ಒಂದು ಸಲ ತಡೆಯಲಾರದೆ ಕೆಳಗಿಳಿದು ಬಂದು ಬಾಗಿಲಿಗೆ ಕಿವಿಯಿಟ್ಟಿದ್ದೆ. ಕಾವಲಿಗಿದ್ದ ಡ್ವೇನ್ ಹಿಂದಿನಿಂದ ಬಂದು, "ಮೇಡಂ, ಬಾಗಿಲಿಗೆ ಕಿವಿ ಇಟ್ಟೋರನ್ನ ಹಿಡಿಯೋದು ನನ್ನ ಕೆಲಸ. ಈಗ ನಿಮ್ಮನ್ನ ಹಿಡಿದು ಯಾರ ಮುಂದೆ ನಿಲ್ಲಿಸ್ಲಿ?" ಅಂದ. ಕಳ್ಳಿಯಂತೆ ಮೆಟ್ಟಿಲು ಹತ್ತಿದೆ.

ಈ ಬೇಸಿಗೆಯಲ್ಲಿ ನಾನು ಪೀಠ ಬಿಟ್ಟಾಗ ನಿನ್ನ ಚಿಕ್ಕಮ್ಮ, "ಕಲ್ಲುಗುಂಡಿನ ಹಾಗಿದ್ದೀಯ, ಸಾಯೋ ತನಕ ಇರೋ ಕೆಲಸ ಯಾಕೆ ಬಿಟ್ಟೆಯೇ?" ಅಂತ ಜಗಳಕ್ಕೇ ಬಂದಳು. ನನ್ನ ಮಗಳ ವಾದ ಕೇಳಬೇಕು ಅಂದೆ. ತಮಾಷೆ ಅಂದುಕೊಂಡಳು.

ಕೊನೆಗೂ ಆ ದಿನ ಬಂತು. ನೀಲಿ ಕೋಟು ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂತೆ. ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದೆ, ಅಷ್ಟರಲ್ಲಿ ಓಯಲಾ ಒಳಗೆ ಬಂದಿದ್ದ, ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಎದ್ದು ನಿಂತಿದ್ದರು. ಡ್ವೇನ್ ಬಂದು ಭುಜ ಮುಟ್ಟಿ, ಬಗ್ಗಿ ಹೇಳಿದ: "ಏಳಿ ಮೇಡಂ, ಇನ್ಮೇಲೆ ನೀವೂ ಏಳಬೇಕು." ಕೋರ್ಟಿಗೆ ಕೋರ್ಟೇ ನಕ್ಕಿತು. ಇಷ್ಟು ಕಾಲ ಊರೇ ಎದ್ದು ನಿಂತದ್ದನ್ನು ಕೂತು ನೋಡಿದವಳಲ್ಲವೇ, ಅಭ್ಯಾಸ ಬಿಟ್ಟಿಲ್ಲ ಅಂದುಕೊಂಡರು. ನೀನೂ ತಿರುಗಿ ನೋಡಿ ನಕ್ಕೆ.

ಆಮೇಲೆ ನೀನು ಎದ್ದೆ. ಮೇಜಿನ ಮೇಲೆ ಅಂಗೈ ಊರಿ ನಿಂತೆ. ಅದಿರಿನ ಹಡಗುಕಟ್ಟೆಯಲ್ಲಿ ಕೆಲಸಗಾರರ ಪರ ಮಾತಾಡುವ ಮೊದಲು ನನ್ನಪ್ಪ ಹಾಗೇ ನಿಲ್ಲುತ್ತಿದ್ದರು. ನೀನು ಅವರನ್ನು ನೋಡಿದವಳೇ ಅಲ್ಲ, ಎಲ್ಲಿಂದ ಕಲಿತೆಯೋ. ನಿನ್ನ ಕಕ್ಷಿದಾರನ ತಾಯಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಓಯಲಾ ಪೆನ್ನು ಕೆಳಗಿಟ್ಟ. ಜಡ್ಜ್ ಯಾವಾಗ ಪೆನ್ನು ಕೆಳಗಿಡುತ್ತಾನೆ ಅಂತ ನನಗೆ ಗೊತ್ತು ಮಗಳೇ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು.

ಯಾರೂ ಇಲ್ಲದವರ ಪಕ್ಕದಲ್ಲಿ ನಿಲ್ಲುವ ಶಕ್ತಿ ನಿನಗೆ ಸದಾ ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಥೋರಾ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಜನ್ಮವಿಡೀ ಬೇರೆಯವರಿಂದ ಸತ್ಯದ ಪ್ರಮಾಣ ಮಾಡಿಸಿದವಳು ಸ್ವಂತ ಮಗಳಿಗೆ ಸುಳ್ಳು ಬರೆಯಬಾರದು. ಅವತ್ತು ನಾನು ಏಳದೆ ಕೂತದ್ದು ಅಭ್ಯಾಸದಿಂದಲ್ಲ. ಜಡ್ಜ್ ಬರುವಾಗ 'ಎಲ್ಲರೂ ಏಳಿ' ಅಂತ ಕೂಗಿದ್ದೇ ನನಗೆ ಕೇಳಲಿಲ್ಲ. ಸಾಕ್ಷಿಗಳ ಮಾತು ತಪ್ಪಿಹೋಗಲು ಶುರುವಾದ ಮೇಲೆ, ಕೇಳಿಸದವಳು ತೀರ್ಪು ಕೊಡಬಾರದು ಅಂತ ಪೀಠ ಬಿಟ್ಟೆ. ಇನ್ನೂ ಸ್ವಲ್ಪ ಕಿವಿ ಇರುವಾಗಲೇ ನಿನ್ನನ್ನು ಕೇಳಬೇಕು ಅನ್ನುವ ಆಸೆಯೂ ಇತ್ತು. ಕೂದಲ ಮರೆಯಲ್ಲಿ ಕಿವಿಗೆ ಯಂತ್ರ ಹಾಕಿದ್ದೇನೆ. ಅಷ್ಟು ದೂರಕ್ಕೆ ಅದರಲ್ಲಿ ಬರೀ ಗದ್ದಲ. ನಿನ್ನ ತುಟಿ ಆಡುವುದನ್ನು ನೋಡಿದೆ. ನೀನೇನೋ ಹೇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದು ಮಾತೂ ಕೇಳಲಿಲ್ಲ ಸಿಗ್ನೆ.

ಮುಂದಿನ ಭಾನುವಾರ ಅಪ್ಪನನ್ನು ಮೀನು ಹಿಡಿಯಲು ಕಳಿಸುತ್ತೇನೆ. ಅಡುಗೆಮನೆಯಲ್ಲಿ ನನ್ನ ಎಡಗಡೆಗೇ ಕೂತು, 'ಯುವರ್ ಆನರ್' ಅಂತ ಮೊದಲಿನಿಂದ ಪೂರ್ತಿ ಹೇಳು. ಎಡಗಿವಿ ಇನ್ನೂ ಸ್ವಲ್ಪ ಕೇಳುತ್ತದೆ. ಬೇಗ ಬಾ.